ಡೆಕ್ ಮೇಲೆ ನಿಂತ ವಕೀಲ

ಹಡಗಿನ ಡೆಕ್ ಮೇಲೆ ನಿಂತ ಒಬ್ಬಾತ ಬಲಗೈಯನ್ನು ಉದ್ದಕ್ಕೆ ಚಾಚಿದ್ದಾನೆ. ಆ ಕೈ ತೋರಿಸುವ ಕಡೆ, ಕೋಟೆಯ ಮೇಲೆ, ಅಮೆರಿಕದ ಬಾವುಟ ಹಾರುತ್ತಿದೆ. ಬೆಳಗಾಗುವ ಹೊತ್ತು. ಎಡ್ವರ್ಡ್ ಪರ್ಸಿ ಮೊರಾನ್ ಎಂಬ ಚಿತ್ರಕಾರ 1912–13ರ ಸುಮಾರಿಗೆ ಬರೆದ ಈ ಚಿತ್ರದ ಅಚ್ಚುಪ್ರತಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿರುವುದರಿಂದ ಯಾರು ಬೇಕಾದರೂ ಅದನ್ನು ಅಚ್ಚು ಹಾಕಿಕೊಳ್ಳಬಹುದು, ಹಾಕಿಕೊಂಡೂ ಇದ್ದಾರೆ. ಅಮೆರಿಕದ ರಾಷ್ಟ್ರಗೀತೆ ‘ದಿ ಸ್ಟಾರ್ ಸ್ಪ್ಯಾಂಗಲ್ಡ್ ಬ್ಯಾನರ್’ ಹುಟ್ಟಿದ ಗಳಿಗೆ ಎಂದರೆ ಬಹಳ ಮಂದಿಯ ಕಣ್ಣಿಗೆ ಕಟ್ಟುವುದು ಈ ನಿಲುವು, ಈ ಚಾಚಿದ ಕೈ. ರವಿವರ್ಮನ ಅಚ್ಚಿನ ಪಟಗಳು ಸರಸ್ವತಿ ಇರುವುದೇ ಹೀಗೆ ಎಂದು ನಮ್ಮ ಮನೆಗಳಲ್ಲಿ ತೀರ್ಮಾನ ಮಾಡಿಬಿಟ್ಟ ಹಾಗೆ.

ಕೈ ಚಾಚಿದವನ ಹೆಸರು ಫ್ರಾನ್ಸಿಸ್ ಸ್ಕಾಟ್ ಕೀ. ವೃತ್ತಿಯಿಂದ ವಕೀಲ, ಆಗ ವಯಸ್ಸು 35. ಆ ರಾತ್ರಿಯ ಯುದ್ಧದಲ್ಲಿ ಅವನ ಪಾಲು ಕಾಯುವುದು ಮತ್ತು ನೋಡುವುದು, ಅಷ್ಟೇ. ಹಾಗಿದ್ದೂ ಚಿತ್ರದ ನಡುವೆ ಅವನು ಬಂದು ನಿಂತದ್ದು ಹೇಗೆ ಎಂಬುದನ್ನು ತಿಳಿಯಲು 1814ಕ್ಕೆ ಹೋಗಬೇಕು, ಅಲ್ಲಿಂದ ಇನ್ನೊಂದು ನೂರು ವರ್ಷ ನಡೆದು ಬರಬೇಕು.

1812ರ ಜೂನ್‌ನಲ್ಲಿ ಅಮೆರಿಕ ಬ್ರಿಟನ್ನಿನ ಮೇಲೆ ಯುದ್ಧ ಸಾರಿತ್ತು. ನೆಪೋಲಿಯನ್ನನ ಜೊತೆ ಹೋರಾಡುತ್ತಿದ್ದ ಬ್ರಿಟಿಷ್ ನೌಕಾಪಡೆಗೆ ಆಳು ಸಾಲದಾಗಿ, ಅಮೆರಿಕದ ಹಡಗುಗಳನ್ನು ತಡೆದು ನಾವಿಕರನ್ನು ಬಲವಂತವಾಗಿ ಎಳೆದೊಯ್ಯುತ್ತಿತ್ತು. ಅದು ಜಗಳದ ಒಂದು ಕಾರಣ, ವ್ಯಾಪಾರಕ್ಕೆ ಬಿದ್ದ ಅಡ್ಡಿ ಇನ್ನೊಂದು. ಕೀಗೆ ಈ ಯುದ್ಧ ಇಷ್ಟವಿರಲಿಲ್ಲ. ನೆಪೋಲಿಯನ್ ಸೋತ ಮೇಲೆ ಬ್ರಿಟನ್ನಿಗೆ ಕೈ ಬಿಡುವಾಯಿತು. 1814ರ ಆಗಸ್ಟ್ 24ರಂದು ಬ್ಲೇಡನ್ಸ್‌ಬರ್ಗ್‌ನಲ್ಲಿ ಅಮೆರಿಕದ ಪಡೆ ಚದುರಿ ಓಡಿತು. ಅಂದು ಸಂಜೆ ಜನರಲ್ ರಾಬರ್ಟ್ ರಾಸ್‌ನ ಸೈನಿಕರು ವಾಷಿಂಗ್ಟನ್ನಿಗೆ ನುಗ್ಗಿ ಸಂಸತ್ ಭವನಕ್ಕೂ ಅಧ್ಯಕ್ಷರ ಮನೆಗೂ ಬೆಂಕಿ ಇಟ್ಟರು. ಅಧ್ಯಕ್ಷ ಮ್ಯಾಡಿಸನ್ ಊರು ಬಿಟ್ಟಿದ್ದ.

ಊರು ಸುಟ್ಟು ಹಿಂದಿರುಗುವ ದಂಡಿನಿಂದ ಹಿಂದೆ ಉಳಿದ ಕೆಲವು ಸೈನಿಕರು ಅಪ್ಪರ್ ಮಾರ್ಲ್‌ಬರೋ ಎಂಬಲ್ಲಿ ಲೂಟಿಗೆ ಇಳಿದರು. ಅಲ್ಲಿನ ಮುದಿ ವೈದ್ಯ ವಿಲಿಯಂ ಬೀನ್ಸ್ ಮತ್ತು ನೆರೆಹೊರೆಯವರು ಅವರನ್ನು ಹಿಡಿದು ಸೆರೆಮನೆಗೆ ಹಾಕಿದರು. ಸುದ್ದಿ ಮುಟ್ಟಿದ್ದೇ ತಡ, ಬ್ರಿಟಿಷರು ರಾತ್ರೋರಾತ್ರಿ ಬಂದು ವೈದ್ಯನನ್ನೇ ಎತ್ತಿಕೊಂಡು ಹೋಗಿ ಹಡಗಿಗೆ ಹಾಕಿದರು. ಅವನನ್ನು ಬಿಡಿಸಿಕೊಂಡು ಬರಲು ಗೆಳೆಯರು ಆರಿಸಿದ್ದು ಕೀಯನ್ನು. ಕೈದಿಗಳ ವಿನಿಮಯದ ಹೊಣೆ ಹೊತ್ತಿದ್ದ ಸರಕಾರಿ ಅಧಿಕಾರಿ ಜಾನ್ ಸ್ಕಿನ್ನರ್ ಜೊತೆಗೆ ಹೊರಟ. ಸಂಧಾನದ ಬಿಳಿ ಬಾವುಟ ಕಟ್ಟಿದ ಸಣ್ಣ ಹಡಗೊಂದು ಸೆಪ್ಟೆಂಬರ್ ಮೊದಲ ವಾರದಲ್ಲಿ ಬಾಲ್ಟಿಮೋರ್ ಬಿಟ್ಟು ಚೆಸಪೀಕ್ ಕೊಲ್ಲಿಗೆ ಇಳಿಯಿತು.

7ನೇ ತಾರೀಖು ಅವರು ಅಡ್ಮಿರಲ್ ಅಲೆಕ್ಸಾಂಡರ್ ಕಾಕ್ರೇನ್‌ನ ‘ಟೊನಾಂಟ್’ ಹಡಗನ್ನು ತಲುಪಿದರು. ರಾಸ್ ಮೊದಲು ಒಪ್ಪಲಿಲ್ಲ. ಸ್ಕಿನ್ನರ್ ಕೆಲವು ಪತ್ರಗಳನ್ನು ತಂದಿದ್ದ. ಬ್ಲೇಡನ್ಸ್‌ಬರ್ಗ್‌ನಲ್ಲಿ ಗಾಯಗೊಂಡು ಹಿಂದೆ ಉಳಿದಿದ್ದ ಬ್ರಿಟಿಷರೇ ಬರೆದವು. ಅಮೆರಿಕನ್ನರು ತಮ್ಮನ್ನು ಚೆನ್ನಾಗಿ ನೋಡಿಕೊಂಡರು ಎಂಬ ಮಾತು ಅವುಗಳಲ್ಲಿತ್ತು. ಕೀಯ ವಕೀಲಿಗಿಂತ ಆ ಕಾಗದಗಳೇ ಹೆಚ್ಚು ಕೆಲಸ ಮಾಡಿದಂತೆ ತೋರುತ್ತದೆ. ಬೀನ್ಸ್‌ನನ್ನು ಬಿಡಲು ರಾಸ್ ಒಪ್ಪಿದ, ಆದರೆ ಒಂದು ಷರತ್ತು ಹಾಕಿದ. ಬಾಲ್ಟಿಮೋರ್ ಮೇಲೆ ದಾಳಿಗೆ ನಡೆದಿದ್ದ ತಯಾರಿಯನ್ನೆಲ್ಲ ಈ ಮೂವರೂ ಕಣ್ಣಾರೆ ಕಂಡಿದ್ದರು. ದಾಳಿ ಮುಗಿಯುವವರೆಗೆ ಊರಿಗೆ ಹೋಗುವ ಹಾಗಿಲ್ಲ. ತಮ್ಮದೇ ಹಡಗಿನಲ್ಲಿ, ಬ್ರಿಟಿಷ್ ಕಾವಲಿನಲ್ಲಿ, ಅವರು ಉಳಿದರು. ಮೊರಾನ್ ಚಿತ್ರದ ಡೆಕ್ ಇದೇ. ರಾಸ್ ಮಾತ್ರ ಆ ದಾಳಿಯ ಕೊನೆ ನೋಡಲಿಲ್ಲ. 12ರಂದು ನಾರ್ತ್ ಪಾಯಿಂಟ್‌ನಲ್ಲಿ ಗುಂಡು ತಗುಲಿ ಸತ್ತ.

ಬಾಲ್ಟಿಮೋರ್ ಬಂದರಿನ ಬಾಯಿಗೆ ಕಾವಲಾಗಿ ನಿಂತಿದ್ದದ್ದು ನಕ್ಷತ್ರದ ಆಕಾರದ ಮೆಕ್‌ಹೆನ್ರಿ ಕೋಟೆ. ಒಳಗೆ ಮೇಜರ್ ಜಾರ್ಜ್ ಆರ್ಮಿಸ್ಟೆಡ್ ಮತ್ತು ಸುಮಾರು ಒಂದು ಸಾವಿರ ಜನ. ಬಂದರಿನ ಹಾದಿಗೆ ಅಡ್ಡಲಾಗಿ ಅಮೆರಿಕನ್ನರು ತಮ್ಮದೇ ಹಡಗುಗಳನ್ನು ಮುಳುಗಿಸಿದ್ದರು. ಸೆಪ್ಟೆಂಬರ್ 13ರ ಬೆಳಗ್ಗೆ ಬ್ರಿಟಿಷರ ಐದು ಬಾಂಬ್ ಹಡಗುಗಳು ಸಾಲಾಗಿ ಲಂಗರು ಹಾಕಿದವು: ಟೆರರ್, ವಾಲ್ಕೇನೋ, ಮೀಟಿಯರ್, ಡಿವಾಸ್ಟೇಷನ್, ಏಟ್ನಾ. ಹೆಸರಿಡುವುದರಲ್ಲಿ ಆ ನೌಕಾಪಡೆಗೆ ಸಂಕೋಚವಿರಲಿಲ್ಲ. (ಇವುಗಳಲ್ಲಿ ‘ಟೆರರ್’ ಮೂವತ್ತು ವರ್ಷದ ಮೇಲೆ ಧ್ರುವಯಾತ್ರಿ ಫ್ರಾಂಕ್ಲಿನ್‌ನ ಜೊತೆ ಉತ್ತರ ಧ್ರುವದ ಹಿಮಕ್ಕೆ ಹೋಗಿ ಕಾಣೆಯಾಯಿತು, ಅದರ ಅವಶೇಷ ಸಿಕ್ಕಿದ್ದು 2016ರಲ್ಲಿ.) ಎರಡು ಮೈಲಿ ದೂರದಿಂದ ಅವು ಎಸೆಯುತ್ತಿದ್ದ ಗುಂಡುಗಳು ಕೋಟೆಯನ್ನು ಮುಟ್ಟುತ್ತಿದ್ದವು, ಕೋಟೆಯ ತೋಪುಗಳ ಗುಂಡು ಹಡಗುಗಳನ್ನು ಮುಟ್ಟುತ್ತಿರಲಿಲ್ಲ. ಒಳಗಿದ್ದವರಿಗೆ ತಿರುಗಿ ಹೊಡೆಯುವ ಸಮಾಧಾನವೂ ಇಲ್ಲ, ಗೋಡೆಗೆ ಒರಗಿ ಕೂರಬೇಕು. ಒಂದು ಗುಂಡು ನೇರವಾಗಿ ಮದ್ದಿನ ಮನೆಯ ಮೇಲೆ ಬಿತ್ತು, ಸಿಡಿಯಲಿಲ್ಲ. ಸಿಡಿದಿದ್ದರೆ ಹಾಡೂ ಇಲ್ಲ, ಚಿತ್ರವೂ ಇಲ್ಲ.

ಈ ಸಾಲಿಗೆ ಸೇರಿದ ಇನ್ನೊಂದು ಹಡಗಿನ ಹೆಸರು ‘ಎರೆಬಸ್’. ಅದು ಹಾರಿಸಿದ್ದು ಕಾಂಗ್ರೀವ್ ರಾಕೆಟ್‌ಗಳನ್ನು. ಕೀಯ ಹಾಡಿನಲ್ಲಿ ರಾಕೆಟ್‌ಗಳ ಬೆಳಕಿನ ಮಾತು ಬರುವುದು ಇದರಿಂದ. ಇಲ್ಲಿ ಕನ್ನಡ ನಾಡು ಕತೆಯೊಳಗೆ ಬರುತ್ತದೆ, ನಾವು ಎಳೆದು ತರಬೇಕಾಗಿಲ್ಲ. ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ, ಬಿದಿರಿಗೆ ಬಿಗಿದು ಹಾರಿಸುತ್ತಿದ್ದ ಬಾಣಗಳು 1780ರಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆಯನ್ನು ಕಂಗೆಡಿಸಿದ್ದವು. ಆ ಯುದ್ಧದ ಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಇಂದಿಗೂ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಥ ಬಾಣಗಳು ಇಂಗ್ಲೆಂಡಿನ ವೂಲ್‌ವಿಚ್ ಶಸ್ತ್ರಾಗಾರಕ್ಕೆ ಹೋದವು. ಅಲ್ಲಿ 1804ರ ಸುಮಾರಿಗೆ ವಿಲಿಯಂ ಕಾಂಗ್ರೀವ್ ತನ್ನ ಪ್ರಯೋಗ ಶುರು ಮಾಡಿದ. ಮದ್ದಿನ ಹದ, ಕೊಳವೆಯ ಅಳತೆ, ಹಿಂದಿನ ಕೋಲು ಎಲ್ಲವನ್ನೂ ತಿದ್ದಿದ. 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಅವುಗಳ ಮಳೆ ಸುರಿಯಿತು, ಏಳು ವರ್ಷದ ಮೇಲೆ ಬಾಲ್ಟಿಮೋರ್. ಮೈಸೂರಿನ ಮೂಲ ಬಾಣಗಳನ್ನು ಕಾಣಬೇಕಾದರೆ ಶಿವಮೊಗ್ಗದ ಮ್ಯೂಸಿಯಂಗೆ ಹೋಗಬಹುದು. ಹೊಸನಗರ ತಾಲ್ಲೂಕಿನ ನಗರದಲ್ಲಿ, ಎಂದರೆ ಹಳೆಯ ಬಿದನೂರಿನಲ್ಲಿ, 2018ರಲ್ಲಿ ಒಂದು ಹಾಳುಬಾವಿಯಿಂದಲೇ ಸಾವಿರಕ್ಕೂ ಹೆಚ್ಚು ಸಿಕ್ಕವು.

ಹಾಗೆಂದು ಅಮೆರಿಕದ ರಾಷ್ಟ್ರಗೀತೆಯಲ್ಲಿ ಟಿಪ್ಪುವಿನ ಬೆಳಕಿದೆ ಎಂದು ಎದೆಯುಬ್ಬಿಸಿ ಹೇಳುವವರ ಜೊತೆ ನಾನು ಸೇರಲಾರೆ. ಮೆಕ್‌ಹೆನ್ರಿ ಕೋಟೆಯ ಮೇಲೆ ರಾಕೆಟ್‌ಗಳು ಮಾಡಿದ ಹಾನಿ ಅತ್ಯಲ್ಪ. ಅವು ಕೆಲಸ ಮಾಡಿದ್ದು ಮೂರು ವಾರ ಮೊದಲು ಬ್ಲೇಡನ್ಸ್‌ಬರ್ಗ್‌ನಲ್ಲಿ, ಅದೂ ಹೆದರಿಸುವುದರಿಂದ. ತಲೆಯ ಮೇಲೆ ಸುಂಯ್ಯೆಂದು ಹಾರಿದ ಬೆಂಕಿಯನ್ನು ಕಂಡು ಅನುಭವವಿಲ್ಲದ ನಾಗರಿಕ ಪಡೆ ದಿಕ್ಕಾಪಾಲಾಯಿತು.

ಅಂದು ಓಡದೆ ನಿಂತವರಲ್ಲಿ ಕಮೊಡೋರ್ ಜೋಶುವಾ ಬಾರ್ನಿಯ ನಾವಿಕರಿದ್ದರು. ಬಾರ್ನಿಯ ತೊಡೆಗೆ ಗುಂಡು ಬಿತ್ತು. ನನಗೆ ರಾಕೆಟ್‌ಗಿಂತ ಕುತೂಹಲ ಹುಟ್ಟಿಸುವುದು ಈ ಮನುಷ್ಯ. 1782ರಲ್ಲಿ, ಸ್ವಾತಂತ್ರ್ಯ ಯುದ್ಧದ ಕೊನೆಗೆ, 22ರ ಹರೆಯದ ಬಾರ್ನಿ ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿದು ಹೆಸರು ಮಾಡಿದ. ಆಗ ಅವನು ನಡೆಸುತ್ತಿದ್ದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ‘ಹೈದರ್ ಆಲಿ’. ಇಂಗ್ಲಿಷರನ್ನು ಸದೆಬಡಿಯುತ್ತಿದ್ದ ಮೈಸೂರಿನ ದೊರೆಯ ಹೆಸರನ್ನು ಫಿಲಡೆಲ್ಫಿಯಾದವರು ತಮ್ಮ ಹಡಗಿಗೆ ಇಟ್ಟುಕೊಂಡಿದ್ದರು. ಇದೇ ಬಾರ್ನಿ 1813ರಲ್ಲಿ ಬಾಲ್ಟಿಮೋರಿನಲ್ಲಿ ಇನ್ನೊಂದು ಕೆಲಸದಲ್ಲಿ ಕಾಣಿಸಿಕೊಳ್ಳುತ್ತಾನೆ. ಕೋಟೆಗೆ ದೊಡ್ಡ ಬಾವುಟ ಬೇಕು ಎಂದು ಆರ್ಮಿಸ್ಟೆಡ್ ಹಟ ಹಿಡಿದಾಗ ಅದನ್ನು ಹೊಲಿಯಲು ಮೇರಿ ಪಿಕರ್ಸ್‌ಗಿಲ್‌ಳನ್ನು ಆರಿಸಿದವರಲ್ಲಿ ಬಾರ್ನಿ ಒಬ್ಬ ಎಂದು ಆಕೆಯ ಮಗಳು ಮುಂದೆ ಬರೆದಿಟ್ಟಿದ್ದಾಳೆ.

ಪಿಕರ್ಸ್‌ಗಿಲ್ ವಿಧವೆ. ಹಡಗುಗಳಿಗೆ ಬಾವುಟ ಹೊಲಿದು ಮನೆ ನಡೆಸುತ್ತಿದ್ದಳು. ಬಂದ ಬೇಡಿಕೆ 30 ಅಡಿಗೆ 42 ಅಡಿ, ಹದಿನೈದು ಪಟ್ಟಿ, ಹದಿನೈದು ನಕ್ಷತ್ರ. ಒಂದೊಂದು ನಕ್ಷತ್ರ ಎರಡು ಅಡಿ ಅಗಲ. ಮನೆಯಲ್ಲಿ ಹರಡಲು ಜಾಗವಿಲ್ಲದೆ ಹತ್ತಿರದ ಬಿಯರ್ ಭಟ್ಟಿಯ ನೆಲದ ಮೇಲೆ ಹಾಸಿಕೊಂಡು ಜೋಡಿಸಿದರು. ಮಗಳು ಕ್ಯಾರೊಲಿನ್, ಒಡಹುಟ್ಟಿದವರ ಕಡೆಯ ಹುಡುಗಿಯರು ಕೈ ಹಾಕಿದರು. ಕೆಲಸ ಕಲಿಯಲು ಕರಾರಿನ ಮೇಲೆ ಆ ಮನೆಯಲ್ಲಿದ್ದ ಗ್ರೇಸ್ ವಿಷರ್ ಎಂಬ ಕಪ್ಪು ಹುಡುಗಿಯೂ ಇದ್ದಳು. ಕೂಲಿ 405 ಡಾಲರ್ 90 ಸೆಂಟ್. ಮಳೆಗಾಳಿಯಲ್ಲಿ ಹಾರಿಸಲು 17 ಅಡಿಗೆ 25 ಅಡಿಯ ಚಿಕ್ಕದೊಂದು ಬೇರೆ, ಅದಕ್ಕೆ 168 ಡಾಲರ್ 54 ಸೆಂಟ್.

ಚಿಕ್ಕ ಬಾವುಟವನ್ನು ಚಿತ್ರಕಾರರು ಮರೆತೇಬಿಟ್ಟಿದ್ದಾರೆ. 13ರ ರಾತ್ರಿ ಮಳೆ ಜೋರಾಗಿ ಹುಯ್ದಿತ್ತು. ಒದ್ದೆಯಾದ ದೊಡ್ಡ ಬಾವುಟದ ಭಾರಕ್ಕೆ ಕಂಬವೇ ಮುರಿದೀತು, ಆದ್ದರಿಂದ ಗುಂಡಿನ ಸುರಿಮಳೆಯ ನಡುವೆ ಕೋಟೆಯ ಮೇಲಿದ್ದದ್ದು ಬಹುಶಃ ಚಿಕ್ಕದೇ. ದೊಡ್ಡದನ್ನು ಏರಿಸಿದ್ದು ಬೆಳಗಾದ ಮೇಲೆ. ಎಂದರೆ ರಾತ್ರಿಯೆಲ್ಲ ಹಾರಾಡಿ ಉಳಿದದ್ದು ಒಂದು, ಮೆರೆದದ್ದು ಇನ್ನೊಂದು.

ಆ ರಾತ್ರಿ ಒಂದು ಗಂಟೆಯ ಹೊತ್ತಿಗೆ ಬ್ರಿಟಿಷ್ ದೋಣಿಗಳು ಕತ್ತಲಲ್ಲಿ ಕೋಟೆಯ ಪಕ್ಕದ ನದಿಗೆ ನುಸುಳಲು ನೋಡಿದವು, ಕಂಡುಹಿಡಿದು ಹೊಡೆದಟ್ಟಿದರು. ಭೂಮಿಯ ಮೇಲೆ ರಾಸ್‌ನ ಜಾಗಕ್ಕೆ ಬಂದ ಕರ್ನಲ್ ಬ್ರೂಕ್ ಊರಿನ ಮಣ್ಣಿನ ತಡೆಗೋಡೆಗಳನ್ನೂ ಅವುಗಳ ಹಿಂದಿನ ಜನವನ್ನೂ ನೋಡಿ ಹಿಂದೆ ಸರಿದ. ಸುಮಾರು 25 ಗಂಟೆಗಳ ಮೇಲೆ, 14ರ ಬೆಳಗ್ಗೆ, ಗುಂಡಿನ ಸದ್ದು ನಿಂತಿತು. 1,500ರಿಂದ 1,800 ಗುಂಡುಗಳು ಹಾರಿದ್ದವು. ಕೋಟೆಯಲ್ಲಿ ಸತ್ತವರು ನಾಲ್ವರು, ಗಾಯಗೊಂಡವರು ಸುಮಾರು 24 ಮಂದಿ. ಡೆಕ್ ಮೇಲಿದ್ದವರಿಗೆ ಇದಾವುದೂ ಗೊತ್ತಿಲ್ಲ. ಸದ್ದು ಇರುವ ತನಕ ಕೋಟೆ ಶರಣಾಗಿಲ್ಲ ಎಂಬ ಧೈರ್ಯವಿತ್ತು, ನಿಂತ ಮೇಲೆ ದಿಗಿಲು. ದುರ್ಬೀನು ಹಿಡಿದು ಬೆಳಕಿಗೆ ಕಾದರು.

ಕೀ ಒಂದು ಪತ್ರದ ಹಿಂಬದಿಯಲ್ಲಿ ಗೀಚಲು ಶುರುಮಾಡಿ, 16ರಂದು ಬಿಡುಗಡೆಯಾಗಿ ಬಂದ ಮೇಲೆ ಬಾಲ್ಟಿಮೋರಿನ ಇಂಡಿಯನ್ ಕ್ವೀನ್ ಹೋಟೆಲಿನಲ್ಲಿ ಮುಗಿಸಿದ. ಹೆಂಡತಿಯ ಅಕ್ಕನ ಕಡೆಯಿಂದ ಅವನಿಗೆ ಬಂಧುವಾದ ನ್ಯಾಯಾಧೀಶ ಜೋಸೆಫ್ ನಿಕಲ್ಸನ್ ಕೋಟೆಯೊಳಗೇ ಇದ್ದು ಗುಂಡು ಎದುರಿಸಿದವನು. ಅವನು ಓದಿ ಕೂಡಲೇ ಅಚ್ಚಿಗೆ ಕಳಿಸಿದ ಎಂಬುದು ಪ್ರಚಲಿತ ವಿವರ. ಒಂದೇ ಹಾಳೆಯ ಅಚ್ಚು, ತಲೆಬರಹ ‘ಮೆಕ್‌ಹೆನ್ರಿ ಕೋಟೆಯ ರಕ್ಷಣೆ’. ಸಂಧಾನದ ಹಡಗಿನಲ್ಲಿ ಹೋದ ಒಬ್ಬ ಸದ್ಗೃಹಸ್ಥ ಇದನ್ನು ಬರೆದ ಸಂದರ್ಭವನ್ನು ಮೇಲೆ ನಾಲ್ಕು ಮಾತಿನಲ್ಲಿ ಹೇಳಿದೆ. ಆ ಗೃಹಸ್ಥನ ಹೆಸರಿಲ್ಲ.

ಹಾಡಬೇಕಾದ ಧಾಟಿಯನ್ನು ಮಾತ್ರ ಮರೆಯದೆ ಸೂಚಿಸಿತ್ತು. ಲಂಡನ್ನಿನ ಅನಾಕ್ರಿಯಾಂಟಿಕ್ ಸೊಸೈಟಿ ಎಂಬ ಸಂಗೀತಪ್ರಿಯ ಶ್ರೀಮಂತರ ಕೂಟಕ್ಕಾಗಿ ಜಾನ್ ಸ್ಟಾಫರ್ಡ್ ಸ್ಮಿತ್ ಕಟ್ಟಿದ ಮಟ್ಟು ಅದು. ನಮ್ಮ ಹಾಡಿನ ಪುಸ್ತಕಗಳಲ್ಲಿ ಇಂಥದರ ಧಾಟಿ ಎಂದು ಮೇಲೆ ಬರೆಯುವಂತೆ ಅಲ್ಲಿಯೂ ಜನಕ್ಕೆ ಗೊತ್ತಿದ್ದ ಒಂದೇ ಮಟ್ಟಿಗೆ ಹತ್ತಾರು ಹಾಡು ಹೊಸೆಯುತ್ತಿದ್ದರು. ಕೀಯೇ 1805ರಲ್ಲಿ ಇದೇ ಧಾಟಿಗೆ ಇನ್ನೊಂದು ಬರೆದಿದ್ದ. ಶತ್ರುದೇಶದ ಮಟ್ಟು ಎಂದು ಯಾರಿಗೂ ಇರಿಸುಮುರಿಸಾಗಲಿಲ್ಲ. 1814ರಲ್ಲೇ ಥಾಮಸ್ ಕಾರ್‌ನ ಸಂಗೀತದ ಅಂಗಡಿ ಸ್ವರಲಿಪಿಯೊಡನೆ ಇದನ್ನು ಅಚ್ಚು ಹಾಕಿ ಇಂದಿನ ಹೆಸರಿಟ್ಟಿತು. ಮೊದಲ ಅಚ್ಚಿನಲ್ಲಿ ‘ಪೇಟ್ರಿಯಾಟಿಕ್’ ಎಂಬ ಪದದ ಒಂದು ಅಕ್ಷರವೇ ಬಿಟ್ಟುಹೋಗಿತ್ತು. ದೇಶಭಕ್ತಿಯ ಅವಸರ!

ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಫಿಲಡೆಲ್ಫಿಯಾದ ಜಾನ್ ಬವರ್ ಇದೇ ಘಟನೆಯ ಇನ್ನೊಂದು ಅಚ್ಚಿನ ಚಿತ್ರ ಮಾಡಿದ. ಮೊರಾನ್‌ನದನ್ನು ಅದರ ಪಕ್ಕ ಇಟ್ಟು ನೋಡಬೇಕು. ಬವರ್‌ನ ಆಕಾಶದ ತುಂಬ ಹಡಗಿನಿಂದ ಕೋಟೆಗೆ ಕಮಾನು ಎಳೆದಂತೆ ಗುಂಡುಗಳ ಹಾದಿ. ನಡುವೆ ಕೋಟೆ, ಮೇಲೆ ಬಾವುಟ, ಕೆಳಗಿನ ಬರಹದಲ್ಲಿ ಅಡ್ಮಿರಲ್‌ಗಳ ಹೆಸರು, ಗುಂಡುಗಳ ಲೆಕ್ಕ, ದೋಣಿ ದಾಳಿಯ ಸೋಲು. ನಕ್ಷೆ ಮತ್ತು ವರದಿ ಎರಡೂ ಆಗಬಲ್ಲ ಚಿತ್ರ. ಅದರಲ್ಲಿ ಕೀ ಇಲ್ಲ, ಹಾಡೂ ಇಲ್ಲ. ಘಟನೆಯನ್ನು ಹತ್ತಿರದಿಂದ ಬಲ್ಲವರಿಗೆ ಅದು ಕೋಟೆಯೊಳಗಿನವರ ಕತೆಯಾಗಿತ್ತು.

ಡೆಕ್ ಮೇಲಿನ ರಾತ್ರಿಯ ವಿವರ ನಮಗೆ ಮುಖ್ಯವಾಗಿ ಸಿಗುವುದು ಕೀಯ ತಂಗಿಯ ಗಂಡ ರೋಜರ್ ಟಾನಿಯಿಂದ. ಅವನು ಕೀಯ ಅಳಿಯ ಚಾರ್ಲ್ಸ್ ಹೊವರ್ಡ್‌ಗೆ 1856ರಲ್ಲಿ ಬರೆದ ಪತ್ರ ಮರುವರ್ಷ ಕೀಯ ಕವನಗಳ ಸಂಗ್ರಹದ ಜೊತೆ ಪ್ರಕಟವಾಯಿತು. ಪತ್ರ ಬರೆಯುವ ಹೊತ್ತಿಗೆ ಕೀ ಸತ್ತು ಹದಿಮೂರು ವರ್ಷ, ಘಟನೆ ನಡೆದು ನಲವತ್ತೆರಡು ವರ್ಷ ಆಗಿತ್ತು. ಅದು ಪ್ರಕಟವಾದ 1857ರಲ್ಲೇ ಟಾನಿ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶನಾಗಿ, ಕಪ್ಪು ಜನ ಅಮೆರಿಕದ ಪ್ರಜೆಗಳಾಗಲಾರರು ಎಂಬ ಡ್ರೆಡ್ ಸ್ಕಾಟ್ ತೀರ್ಪನ್ನೂ ಕೊಟ್ಟ. ಕೀಯೂ ಗುಲಾಮರನ್ನು ಇಟ್ಟುಕೊಂಡವನೇ. ಕೆಲವು ಗುಲಾಮರ ಬಿಡುಗಡೆಗಾಗಿ ವಾದಿಸಿದ್ದಾನೆ. ಸರಕಾರಿ ವಕೀಲನಾಗಿ ಗುಲಾಮಗಿರಿಯ ವಿರೋಧಿಗಳ ಮೇಲೆ ಮೊಕದ್ದಮೆ ನಡೆಸಿದವನೂ ಅವನೇ. ಈಗ ಯಾರೂ ಹಾಡದ ಮೂರನೆಯ ಚರಣದಲ್ಲಿ ಕೂಲಿಸೈನಿಕರ ಜೊತೆಗೆ ಗುಲಾಮರ ಮೇಲೂ ಸಿಟ್ಟು ಕಾರಿದ್ದಾನೆ. ಅದರ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. ಆದರೆ ತಮ್ಮ ಕಡೆ ಬಂದವರಿಗೆ ಬಿಡುಗಡೆ ಎಂದು ಕಾಕ್ರೇನ್ 1814ರ ಏಪ್ರಿಲ್‌ನಲ್ಲಿ ಸಾರಿದ್ದ, ತಪ್ಪಿಸಿಕೊಂಡ ಗುಲಾಮರು ಬ್ರಿಟಿಷ್ ಸಮವಸ್ತ್ರ ತೊಟ್ಟು ಬ್ಲೇಡನ್ಸ್‌ಬರ್ಗ್‌ನಲ್ಲಿ ಕಾದಾಡಿದ್ದರು ಎಂಬುದು ಗೊತ್ತಿರುವ ಸಂಗತಿ. ಅವರಲ್ಲಿ ಹಲವರು ಯುದ್ಧದ ನಂತರ ಟ್ರಿನಿಡಾಡ್‌ನಲ್ಲಿ ನೆಲೆಸಿದರು.

ಕೋಟೆಯೊಳಗೂ ಅಂಥ ಒಬ್ಬನಿದ್ದ. ಮೇರಿಲ್ಯಾಂಡಿನ ತೋಟವೊಂದರಿಂದ ಓಡಿಬಂದ ಫ್ರೆಡರಿಕ್ ಹಾಲ್, ವಿಲಿಯಂ ವಿಲಿಯಮ್ಸ್ ಎಂದು ಹೆಸರು ಬದಲಿಸಿಕೊಂಡು ಅಮೆರಿಕದ ಪದಾತಿದಳಕ್ಕೆ ಸೇರಿದ್ದ. ಆ ದಾಳಿಯಲ್ಲಿ ಕಾಲು ಕಳೆದುಕೊಂಡು ಎರಡು ತಿಂಗಳಲ್ಲಿ ಸತ್ತ. ಅವನ ಚಿತ್ರವನ್ನು ಮೊರಾನ್ ಬರೆಯಲಿಲ್ಲ ಎಂದು ದೂರುವುದು ಸುಲಭ; 1913ರಲ್ಲಿ ಅದನ್ನು ಕೊಳ್ಳುವವರು ಯಾರಿದ್ದರು ಎಂಬುದು ಬೇರೆ ಪ್ರಶ್ನೆ.

ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾದಾಗ ಕೀಯ ಕುಟುಂಬಕ್ಕೇ ವಿಚಿತ್ರ ಗತಿ ಒದಗಿತು. ಕೀಯ ಮೊಮ್ಮಗ ಫ್ರಾಂಕ್ ಕೀ ಹೊವರ್ಡ್, ಟಾನಿ ಪತ್ರ ಬರೆದ ಆ ಚಾರ್ಲ್ಸ್‌ನ ಮಗ, ಬಾಲ್ಟಿಮೋರಿನಲ್ಲಿ ಪತ್ರಿಕೆ ನಡೆಸುತ್ತಿದ್ದ. ವಿಚಾರಣೆಯಿಲ್ಲದೆ ಜನರನ್ನು ಬಂಧಿಸುತ್ತಿದ್ದ ಲಿಂಕನ್ ಸರಕಾರವನ್ನು ಟೀಕಿಸಿದ್ದಕ್ಕೆ 1861ರ ಸೆಪ್ಟೆಂಬರ್ 13ರ ನಸುಕಿಗೆ ಅವನನ್ನೂ ಬಂಧಿಸಿ ಮೆಕ್‌ಹೆನ್ರಿ ಕೋಟೆಗೇ ಹಾಕಿದರು. ತಾತ ಹಾಡಿ ಹೊಗಳಿದ ಬಾವುಟ ನೆತ್ತಿಯ ಮೇಲೆ ಹಾರುತ್ತಿರುವುದನ್ನೂ, ಅಂದಿಗೆ ಸರಿಯಾಗಿ 47 ವರ್ಷ ಆಗಿರುವುದನ್ನೂ ಅವನು ತನ್ನ ಸೆರೆಮನೆಯ ಪುಸ್ತಕದಲ್ಲಿ ಕಹಿಯಾಗಿ ದಾಖಲಿಸಿದ್ದಾನೆ.

ಆ ಯುದ್ಧದಲ್ಲಿ ಉತ್ತರದವರ ಕೈಯಲ್ಲಿ ಹಾಡು ಒಕ್ಕೂಟದ ಹಾಡಾಯಿತು. 1889ರಲ್ಲಿ ನೌಕಾಪಡೆ ಬಾವುಟ ಏರಿಸುವಾಗ ಇದನ್ನೇ ನುಡಿಸಬೇಕೆಂದಿತು. ಅತ್ತ ಅಸಲಿ ಬಾವುಟ ಆರ್ಮಿಸ್ಟೆಡ್ ಮನೆತನದಲ್ಲೇ ಉಳಿದಿತ್ತು. ನೆನಪಿಗೆಂದು ಕೇಳಿದವರಿಗೆ ಕತ್ತರಿಸಿ ಕೊಟ್ಟು ಕೊಟ್ಟು 42 ಅಡಿ 34ಕ್ಕೆ ಇಳಿದಿತ್ತು, ಒಂದು ನಕ್ಷತ್ರವೂ ಹೋಗಿತ್ತು. 1907ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಗೆ ಎರವಲು ಬಂದದ್ದು 1912ರಲ್ಲಿ ಶಾಶ್ವತ ಕೊಡುಗೆಯಾಯಿತು. 1911ರಲ್ಲಿ ಬಾಲ್ಟಿಮೋರಿನ ಯೂಟಾ ಪ್ಲೇಸ್‌ನಲ್ಲಿ ಫ್ರೆಂಚ್ ಶಿಲ್ಪಿ ಮರ್ಸಿಯೆ ಮಾಡಿದ ಸ್ಮಾರಕ ಎದ್ದಿತು. ಅಲ್ಲಿಯೂ ಕೀ ದೋಣಿಯಲ್ಲಿ ನಿಂತಿದ್ದಾನೆ. 1914ಕ್ಕೆ ಶತಮಾನೋತ್ಸವ. ಮೊರಾನ್ ಕುಂಚ ಹಿಡಿದದ್ದು ಈ ಸಡಗರದ ನಡುವೆ. ಅವನ ತಂದೆ ಎಡ್ವರ್ಡ್ ಮೊರಾನ್ ಸಮುದ್ರದ ಚಿತ್ರಗಳಿಗೆ ಹೆಸರಾದವನು. ಮಗನಿಗೆ ಹಡಗು ಹೊಸದಲ್ಲ. ಆದರೆ ಮಗನ ಒಲವು ಅಮೆರಿಕದ ಹಿಂದಿನ ದಿನಗಳ ನಾಟಕೀಯ ಸನ್ನಿವೇಶಗಳ ಕಡೆಗೆ. ಗುಂಡಿನ ಲೆಕ್ಕ ಅವನಿಗೆ ಬೇಕಿರಲಿಲ್ಲ. ಅವನ ಕಾಲದ ಅಮೆರಿಕನ್ನರು ಬಾವುಟದ ಮುಂದೆ ಎದ್ದು ನಿಲ್ಲುವುದನ್ನು ಆಗಷ್ಟೇ ರೂಢಿಸಿಕೊಳ್ಳುತ್ತಿದ್ದರು. ಡೆಕ್ ಮೇಲೆ ನಿಂತವನು ಅವರಂತೆಯೇ ಒಬ್ಬ ನೋಡುಗ. ಚಿತ್ರ ಗೆದ್ದದ್ದು ಅಲ್ಲಿ ಎಂದು ನನ್ನ ಎಣಿಕೆ.

1916ರಲ್ಲಿ ಅಧ್ಯಕ್ಷ ವಿಲ್ಸನ್ ಸೈನ್ಯದ ಸಮಾರಂಭಗಳಿಗೆ ಇದನ್ನೇ ಗೊತ್ತುಮಾಡಿದ. ಕಾನೂನು ಮಾಡಿಸಲು ಬಾಲ್ಟಿಮೋರಿನ ಸಂಸದ ಜಾನ್ ಲಿಂತಿಕಮ್ ವರ್ಷಗಟ್ಟಲೆ ಮಸೂದೆ ಮಂಡಿಸುತ್ತ ಹೋದ. ವಿದೇಶಿ ಮಟ್ಟು, ಕುಡುಕರ ಹಾಡಿನ ಧಾಟಿ, ಸಾಮಾನ್ಯರ ಕಂಠಕ್ಕೆ ಎಟುಕದ ಶ್ರುತಿ ಎಂಬ ಆಕ್ಷೇಪಗಳಿದ್ದವು. ಕೊನೆಯದು ಸುಳ್ಳಲ್ಲ, ಒಂದೂವರೆ ಸ್ಥಾಯಿಯ ಏರಿಳಿತ ಅದರದು. 1930ರ ಜನವರಿಯಲ್ಲಿ ಸಮಿತಿಯ ಮುಂದೆ ನೌಕಾಪಡೆಯ ಬ್ಯಾಂಡು ಬಂತು, ಹಾಡಲು ಸಾಧ್ಯ ಎಂದು ತೋರಿಸಿಕೊಡಲು ಇಬ್ಬರು ಗಾಯಕಿಯರು ಬಂದರು. ಇಬ್ಬರೂ ತಾರಸ್ಥಾಯಿಯಲ್ಲಿ ಪಳಗಿದ ಸೊಪ್ರಾನೋಗಳು. ಸಾಮಾನ್ಯರ ಕಂಠದ ಪ್ರಶ್ನೆಗೆ ಇದು ಉತ್ತರವೋ ಅಲ್ಲವೋ, ಸಮಿತಿ ಒಪ್ಪಿತು. 1931ರ ಮಾರ್ಚ್ 3ರಂದು ಅಧ್ಯಕ್ಷ ಹೂವರ್ ಸಹಿ ಹಾಕಿದ. ಒಂದೇ ವಾಕ್ಯದ ಕಾಯ್ದೆ ಅದು: ಈ ಹೆಸರಿನ ಪದ ಮತ್ತು ಸಂಗೀತ ರಾಷ್ಟ್ರಗೀತೆಯಾಗಿರತಕ್ಕದ್ದು ಎಂದು ಹೇಳುತ್ತದೆ, ಬರೆದವನ ಹೆಸರನ್ನು 1814ರ ಆ ಅಚ್ಚಿನ ಹಾಳೆಯಂತೆ ಇದೂ ಹೇಳುವುದಿಲ್ಲ.